ಕಂಪನಿ ಮಾರಿದ ಮೇಲೂ ಕೋಡ್ ಎಲ್ಲರದಾಗಿ ಉಳಿಯಲು ಏನೆಲ್ಲ ಮಾಡಬೇಕಾಯಿತು

"ಓಪನ್ ಸೋರ್ಸ್ ಅಂದ್ರೆ ಬಿಟ್ಟಿ ತಾನೇ ಸಾರ್? ಅದನ್ನ ದುಡ್ಡು ಕೊಟ್ಟು ಯಾರು ಕೊಂಡ್ಕೋತಾರೆ?" ಎಂದು ನಮ್ಮ ಸಿಎ ಕೇಳಿದ್ದರು. ಕೊಂಡುಕೊಂಡರು. ಹೋದ ತಿಂಗಳು ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿಯ ಶೇರುಗಳೆಲ್ಲ ಹೊಸಬರ ಹೆಸರಿಗೆ ಹೋದವು. ಆದರೆ ಮಾರುವುದಕ್ಕಿಂತ, ಮಾರಿದ ಮೇಲೆ ಏನು ಮುಚ್ಚಬಾರದು ಎಂದು ಬರೆಸಿಕೊಳ್ಳುವುದಕ್ಕೇ ಹೆಚ್ಚು ಓಡಾಟವಾಯಿತು. ಮೈಸೂರಿನಲ್ಲಿ ಇಂಥದೇ ಸಣ್ಣ ಕಂಪನಿ ನಡೆಸುವ ಕೆಲವರು ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಪೂರ್ತಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಇಲ್ಲಿರುವುದು ನಮಗೆ ಆದದ್ದು, ಅಷ್ಟೇ.

ನಮ್ಮದು ಸರಸ್ವತಿಪುರಂನಲ್ಲಿ ಮಹಡಿ ಮೇಲಿನ ಎರಡು ರೂಮಿನ ಆಫೀಸು. ನಾನು ಪ್ರೋಗ್ರಾಮರ್. ನಮ್ಮತ್ತಿಗೆ ಸ್ಪೀಚ್ ಥೆರಪಿಸ್ಟ್, ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ ಓದಿದವರು. ಮಾತು ಬಾರದ ಮಕ್ಕಳಿಗೆ ಒಂದು ಆ್ಯಪ್ ಮಾಡಿದ್ದೆವು. ಮಗು ಟ್ಯಾಬಿನಲ್ಲಿ ಚಿತ್ರ ಮುಟ್ಟಿದರೆ ಅದು ಕನ್ನಡದಲ್ಲಿ ಮಾತಾಡುತ್ತದೆ. "ಅಮ್ಮ", "ನೀರು", "ಹೊಟ್ಟೆ ನೋವು", "ಅಜ್ಜಿ ಮನೆಗೆ ಹೋಗೋಣ". ಆ್ಯಪ್ ಉಚಿತ. ಕೋಡ್, ಅಂದರೆ ಆ್ಯಪಿನ ಒಳಗಿನ ಪ್ರೋಗ್ರಾಮ್ ಬರಹ, ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನ ಮೂರನೇ ಆವೃತ್ತಿಯಲ್ಲಿ ಹೊರಗಿದೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದರೆ ತಿದ್ದಿದ ಕೋಡನ್ನೂ ಕೊಡಬೇಕು. ನಮಗೆ ಬರುತ್ತಿದ್ದ ದುಡ್ಡು ವಿಶೇಷ ಶಾಲೆಗಳಲ್ಲಿ ತರಬೇತಿ ಕೊಟ್ಟಿದ್ದಕ್ಕೆ, ಟ್ಯಾಬ್‌ಗಳನ್ನು ನೋಡಿಕೊಂಡಿದ್ದಕ್ಕೆ.

ಯಾಕೆ ಮಾರಿದಿರಿ ಎಂದು ಎಲ್ಲರೂ ಕೇಳುತ್ತಾರೆ. ಶಾಲೆಗಳ ಹಣ ತಡವಾಗಿ ಬರುತ್ತದೆ. ಪ್ಲೇ ಸ್ಟೋರ್ ಪ್ರತಿ ವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದಿಸಿ ಎನ್ನುತ್ತದೆ. ಹುಡುಗರಿಗೆ ಸಂಬಳ ಏರಬೇಕು. ಹೆಬ್ಬಾಳದ ದೊಡ್ಡ ಕ್ಯಾಂಪಸ್ಸುಗಳ ಪಕ್ಕದಲ್ಲಿ ಕೂತು ಹುಡುಗರನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಇದರಲ್ಲಿ ಹೊಸದೇನಿಲ್ಲ, ಮುಂದೆ ಹೋಗೋಣ.

ಮೊದಲು ಬಂದ ಕಂಪನಿಯವರು ಹೆಚ್ಚು ದುಡ್ಡು ಹೇಳಿದರು. ಬೇಗನೇ ಅರ್ಥವಾಯಿತು, ಅವರಿಗೆ ಬೇಕಿದ್ದದ್ದು ನಮ್ಮ ಹುಡುಗರು ಮತ್ತು ಶಾಲೆಗಳ ಪಟ್ಟಿ. ಆ್ಯಪ್ ಏನಾಗುತ್ತದೆ ಎಂದು ಕೇಳಿದರೆ "ಹಂತ ಹಂತವಾಗಿ ನಮ್ಮ ಪ್ಲಾಟ್‌ಫಾರ್ಮಿಗೆ ತರುತ್ತೇವೆ" ಎಂದರು. ನಮ್ಮ ವಕೀಲರು ಅದನ್ನು ಬಿಡಿಸಿ ಹೇಳಿದರು: "ಆರು ತಿಂಗಳಲ್ಲಿ ಬಾಗಿಲು ಹಾಕ್ತಾರೆ." ಅತ್ತಿಗೆ ಅಲ್ಲಿಗೇ ಬೇಡ ಎಂದರು.

ಎರಡನೆಯವರು ಬೆಂಗಳೂರಿನವರು. ಅಂಗವಿಕಲರಿಗೆ ಬೇಕಾದ ಸಾಧನಗಳನ್ನೇ ಮಾಡುವವರು. ಮಾತು ಚೆನ್ನಾಗಿತ್ತು. "ನಾವೂ ಉದ್ದೇಶ ಇಟ್ಟುಕೊಂಡೇ ಬಂದವರು, ಓಪನ್ ಸೋರ್ಸ್ ಮುಚ್ಚುವುದಿಲ್ಲ" ಎಂದು ಮೊದಲ ದಿನವೇ ಹೇಳಿದರು. ಮನೆಗೆ ಬಂದ ಮೇಲೆ ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ. "ಹೀಗೆ ಹೇಳಿ ಕೊಂಡುಕೊಂಡು, ಆಮೇಲೆ ಮಾತು ಉಳಿಸಿಕೊಂಡವರು ಯಾರಾದರೂ ಇದಾರಾ? ನೋಡಿ ಹೇಳು."

ಹುಡುಕಿದೆ. ಕಂಡದ್ದು ತರಾವರಿ.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನದು ಈ ರಂಗದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. 2008ರಲ್ಲಿ ಸನ್ ಕಂಪನಿ ಅದನ್ನು ಸುಮಾರು 100 ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಸನ್ ಅನ್ನೇ ಒರಾಕಲ್ ನುಂಗಿತು. ಕೋಡ್ ಜಿಪಿಎಲ್‌ನಲ್ಲಿ ಇದ್ದುದರಿಂದ ಮೂಲ ಕರ್ತೃಗಳಲ್ಲೇ ಒಬ್ಬರು ಅದನ್ನು ಕವಲು ಒಡೆಸಿ, ಅಂದರೆ ಅದೇ ಕೋಡ್ ತೆಗೆದುಕೊಂಡು ಬೇರೆ ಯೋಜನೆಯಾಗಿ, ಮರಿಯಾಡಿಬಿ ಶುರು ಮಾಡಿದರು. ಪತ್ರ, ಲೆಕ್ಕ ಬರೆಯುವ ಓಪನ್‌ಆಫೀಸ್ ಕೂಡ ಅದೇ ವ್ಯಾಪಾರದಲ್ಲಿ ಒರಾಕಲ್ ಕೈಗೆ ಹೋಯಿತು. ಅದನ್ನು ಕಟ್ಟುತ್ತಿದ್ದವರು 2010ರ ಸೆಪ್ಟೆಂಬರಿನಲ್ಲಿ ಎದ್ದು ಬಂದು ಲಿಬ್ರೆಆಫೀಸ್ ಮಾಡಿದರು. ಕೋಡ್ ತಂದರು, ಹೆಸರು ತರಲಾಗಲಿಲ್ಲ. ಹೆಸರು ಆಗ ಒರಾಕಲ್‌ನದಾಗಿತ್ತು. ನಮಗೆ ಇಲ್ಲಿ ಮೊದಲ ಪಾಠ ಸಿಕ್ಕಿತು. ಲೈಸೆನ್ಸ್ ಕಾಯುವುದು ಈಗಾಗಲೇ ಹೊರಗೆ ಬಂದ ಕೋಡನ್ನು ಮಾತ್ರ. ಹೆಸರು, ಸರ್ವರ್, ನಾಳೆ ಬರೆಯುವ ಕೋಡ್, ಇವು ಕೊಂಡವರವು.

ಹೆಸರಿನ ವಿಷಯದಲ್ಲಿ ನನಗೆ ನಾಟಿದ್ದು ಕೋಹಾ. ನಮ್ಮ ಕಡೆ ಎಷ್ಟೋ ಕಾಲೇಜು ಲೈಬ್ರರಿಗಳಲ್ಲಿ ಓಡುತ್ತಿರುವ ಸಾಫ್ಟ್‌ವೇರ್ ಅದು. ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊಫೆನುವ ಎಂಬ ಜಿಲ್ಲೆಯ ಲೈಬ್ರರಿ ಟ್ರಸ್ಟಿನಲ್ಲಿ, 2000ದ ಜನವರಿಯಿಂದ ಬಳಕೆಗೆ ಬಂತು. ಆಮೇಲೆ ಅದರ ಸುತ್ತ ಕೆಲಸ ಮಾಡುತ್ತಿದ್ದ ಕಂಪನಿಗಳು ಒಂದನ್ನೊಂದು ಕೊಂಡವು. 2011ರಲ್ಲಿ ನೋಡಿದರೆ, ಒಂದು ಅಮೆರಿಕನ್ ಕಂಪನಿ ನ್ಯೂಜಿಲೆಂಡಿನಲ್ಲೇ 'ಕೋಹಾ' ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೊರಟಿತ್ತು. ಹೆತ್ತ ಲೈಬ್ರರಿಯೇ ಚಂದಾ ಎತ್ತಿ ವಿರೋಧಿಸಬೇಕಾಯಿತು. ಕೊನೆಗೆ ಆ ಅರ್ಜಿ ನಿಲ್ಲಲಿಲ್ಲ. ಆದರೂ ಅಷ್ಟು ಗೋಳು ಬೇಕಿತ್ತಾ?

ಇನ್ನು ಒಳ್ಳೆಯವರು ಕೊಂಡರೆ ಭಯವಿಲ್ಲ ಎನ್ನುವ ಮಾತು. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾಗಿಂತ ಉದ್ದೇಶವುಳ್ಳ ಸಂಸ್ಥೆ ಯಾವುದಿದೆ? ಅದು 2017ರಲ್ಲಿ ಪಾಕೆಟ್ ಎಂಬ, ಲೇಖನಗಳನ್ನು ಆಮೇಲೆ ಓದಲು ಉಳಿಸಿಡುವ ಸೇವೆಯನ್ನು ಕೊಂಡಿತು. 2025ರ ಜುಲೈ 8ರಂದು ಮುಚ್ಚಿತು. ಮೋಸವೇನಲ್ಲ, ನಡೆಸಲು ಆಗಲಿಲ್ಲ. ಬಳಸುತ್ತಿದ್ದವರಿಗೆ ಎರಡೂ ಒಂದೇ. ಸ್ವಿಟ್ಜರ್ಲೆಂಡಿನ ಇ-ಮೇಲ್ ಕಂಪನಿ ಪ್ರೋಟಾನ್‌ನ ಕಥೆ ಸ್ವಲ್ಪ ಧೈರ್ಯ ಕೊಟ್ಟಿತು. 2022ರಲ್ಲಿ ಸಿಂಪಲ್‌ಲಾಗಿನ್, 2024ರಲ್ಲಿ ಸ್ಟ್ಯಾಂಡರ್ಡ್ ನೋಟ್ಸ್ ಎಂಬ ಎರಡು ಸಣ್ಣ ಕಂಪನಿಗಳನ್ನು ಕೊಂಡಿತು. ಎರಡೂ ಓಪನ್ ಸೋರ್ಸ್ ಆಗಿಯೇ ಮುಂದುವರಿದವು. ಅದೇ 2024ರಲ್ಲಿ ಪ್ರೋಟಾನ್ ತನ್ನನ್ನೇ ಒಂದು ಫೌಂಡೇಶನ್ ಕೈಗೆ ಒಪ್ಪಿಸಿಕೊಂಡಿತು.

ಆದರೆ ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕ್ಯೂಟಿ. ಪ್ರೋಗ್ರಾಮ್ ಕಟ್ಟಲು ಬಳಸುವ ಸಾಮಗ್ರಿ ಅದು. ಕೆಡಿಇ ಎಂಬ ಮುಕ್ತ ಕಂಪ್ಯೂಟರ್ ಡೆಸ್ಕ್‌ಟಾಪ್ ನಿಂತಿರುವುದೇ ಕ್ಯೂಟಿ ಮೇಲೆ. ಅದನ್ನು ಮಾಡಿದ ಟ್ರೋಲ್‌ಟೆಕ್ 1998ರಲ್ಲಿ ಕೆಡಿಇಯವರ ಜೊತೆ ಸೇರಿ ಒಂದು ಫೌಂಡೇಶನ್ ಮಾಡಿ ಕರಾರು ಬರೆದುಕೊಟ್ಟಿತು. 12 ತಿಂಗಳು ಕ್ಯೂಟಿಯ ಮುಕ್ತ ಆವೃತ್ತಿ ಬಿಡುಗಡೆ ಆಗದಿದ್ದರೆ, ಫೌಂಡೇಶನ್ ಅದನ್ನು ಬಿಎಸ್‌ಡಿ ಮಾದರಿಯ ಸಡಿಲ ಲೈಸೆನ್ಸಿನಲ್ಲಿ ತಾನೇ ಬಿಡಬಹುದು. ಆಮೇಲೆ ಟ್ರೋಲ್‌ಟೆಕ್ ಅನ್ನು 2008ರಲ್ಲಿ ನೋಕಿಯಾ ಕೊಂಡಿತು. 2012ರಲ್ಲಿ ಕ್ಯೂಟಿ ಡಿಜಿಯಾ ಪಾಲಾಯಿತು. ಮಾಲೀಕರು ಬದಲಾದರೂ ಕರಾರು ಬದುಕಿತು. ಅದರ ಪ್ರಿಂಟ್ ತೆಗೆದು ವಕೀಲರ ಮೇಜಿನ ಮೇಲಿಟ್ಟು, "ನಮಗೂ ಇಂಥದ್ದು ಬೇಕು ಸಾರ್" ಎಂದೆ. ಅವರು ಓದಿ ನಕ್ಕರು. "ಬರೀಬಹುದು. ಆದ್ರೆ ಇದನ್ನ ಈಗಲೇ, ಟರ್ಮ್ ಶೀಟಲ್ಲೇ ಹಾಕಬೇಕು."

ಈ ದಾರಿಯಲ್ಲಿ ಬರುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಟರ್ಮ್ ಶೀಟ್ ಅಂದರೆ ದೊಡ್ಡ ಒಪ್ಪಂದಕ್ಕೆ ಮೊದಲು ಮುಖ್ಯ ಷರತ್ತುಗಳನ್ನು ಬರೆದಿಡುವ ಎರಡು ಮೂರು ಪುಟದ ಕಾಗದ. ಅದರಲ್ಲಿ ಸಾಮಾನ್ಯವಾಗಿ ಕಾನೂನಿನ ಕಟ್ಟು ಇರುವುದು ಎರಡೇ ವಿಷಯಕ್ಕೆ. ಗುಟ್ಟು ಕಾಪಾಡಬೇಕು, ಇಷ್ಟು ದಿನ ಬೇರೆಯವರ ಜೊತೆ ಮಾತಾಡಬಾರದು. ಉಳಿದದ್ದು ಸದ್ಯದ ಒಪ್ಪಿಗೆ ಮಾತ್ರ. ಆದರೂ ಅಲ್ಲಿ ಬರೆಯದ ವಿಷಯವನ್ನು ಆಮೇಲೆ ಸೇರಿಸಹೊರಟರೆ "ಇದು ಮೊದಲೇ ಹೇಳಿರಲಿಲ್ಲವಲ್ಲ" ಎಂಬ ಮಾತು ಬರುತ್ತದೆ. ಬೇರೆ ಗಿರಾಕಿಯ ಜೊತೆ ಮಾತಾಡುವಂತಿಲ್ಲ ಎಂದು ಸಹಿ ಹಾಕಿದ ಮೇಲೆ ನಿಮ್ಮ ಕೈ ಕಟ್ಟಿಹೋಗಿರುತ್ತದೆ. ನಾವು ನಾಲ್ಕು ಸಾಲು ಹಾಕಿಸಿದೆವು. ಕೋಡ್ ಜಿಪಿಎಲ್‌ನಲ್ಲೇ ಇರಬೇಕು. ಹೆಸರು ಒಂದು ಟ್ರಸ್ಟಿನದಾಗಬೇಕು. ಬಿಡುಗಡೆ ನಿಂತರೆ ಕ್ಯೂಟಿ ಮಾದರಿ. ಮಕ್ಕಳ ಡೇಟಾ ವ್ಯಾಪಾರದಲ್ಲಿ ಸೇರಿಲ್ಲ.

ಆಮೇಲೆ ಶುರುವಾಯಿತು ಡ್ಯೂ ಡಿಲಿಜೆನ್ಸ್, ಅಂದರೆ ಕೊಳ್ಳುವವರು ಮಾಡುವ ತಪಾಸಣೆ. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಅಡುಗೆಮನೆ ಡಬ್ಬಿಗಳನ್ನೂ ತೆಗೆದು ನೋಡಿದ ಹಾಗೆ. ಜಿಎಸ್‌ಟಿ, ಪಿಎಫ್, ಬಾಡಿಗೆ ಕರಾರು, ಬೋರ್ಡ್ ಮೀಟಿಂಗಿನ ಪುಸ್ತಕ, ಎಲ್ಲ ಸ್ಕ್ಯಾನ್ ಮಾಡಿ ಡೇಟಾ ರೂಮ್ ಎಂಬ ಆನ್‌ಲೈನ್ ಕಡತಕ್ಕೆ ಹಾಕಬೇಕು. ಅದೆಲ್ಲ ಬೇಜಾರಿನ ಕೆಲಸ, ಆದರೆ ಮುಗಿಯುತ್ತದೆ. ಜೀವ ತಿಂದದ್ದು ಕೋಡ್ ಮತ್ತು ಚಿತ್ರ.

ಅವರು ಒಂದು ಸ್ಕ್ಯಾನರ್ ಓಡಿಸಿದರು. ಯಾವ ಫೈಲು ಯಾವ ಲೈಸೆನ್ಸಿನದು ಎಂದು ಅದು ಪಟ್ಟಿ ಮಾಡುತ್ತದೆ. ಅದರಲ್ಲಿ ಕೆಂಪು ಬಣ್ಣ ಬಂದದ್ದು ಎರಡು ಕಡೆ. ಒಂದು, ಇಸ್ಪೀಕ್-ಎನ್‌ಜಿ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಅದು, ಜಿಪಿಎಲ್ ಮೂರು. ಅದನ್ನು ಒಳಗೆ ಸೇರಿಸಿಕೊಂಡ ಆ್ಯಪ್ ಕೂಡ ಜಿಪಿಎಲ್ ಆಗಲೇಬೇಕು. ನಮ್ಮದು ಹೇಗೂ ಆಗಿತ್ತು. ಅವರಿಗೆ ಐಪ್ಯಾಡ್ ಆವೃತ್ತಿ ಬೇಕಿತ್ತು. ಆ್ಯಪಲ್ ಅಂಗಡಿಯ ಷರತ್ತುಗಳಿಗೂ ಜಿಪಿಎಲ್‌ಗೂ ಹೊಂದುವುದಿಲ್ಲ ಎಂಬ ಜಗಳ ಹಳೆಯದು. 2011ರ ಜನವರಿಯಲ್ಲಿ ವಿಎಲ್‌ಸಿ ವಿಡಿಯೊ ಪ್ಲೇಯರ್ ಅಲ್ಲಿಂದ ಹೊರಬಿದ್ದದ್ದು ಇದೇ ಕಾರಣಕ್ಕೆ. ಆಮೇಲೆ ವಿಎಲ್‌ಸಿಯವರು ನೂರಕ್ಕೂ ಹೆಚ್ಚು ಜನ ಡೆವಲಪರ್‌ಗಳ ಒಪ್ಪಿಗೆ ಪಡೆದು ಲೈಸೆನ್ಸ್ ಬದಲಿಸಿ, 2013ರಲ್ಲಿ ವಾಪಸ್ ಹೋದರು.

ಕೊಳ್ಳುವವರ ವಕೀಲರು ಇದನ್ನೇ ಹಿಡಿದರು. "ನೀವೂ ಎಲ್ಲರಿಂದ ಹಕ್ಕು ಬರೆಸಿಕೊಳ್ಳಿ. ಆಗ ಕಂಪನಿ ಬೇರೆ ಲೈಸೆನ್ಸಿನಲ್ಲೂ ಬಿಡಬಹುದು." ಕೇಳಲು ಸರಿ ಎನಿಸುತ್ತದೆ ಅಲ್ವಾ? ಆದರೆ ಹಾಗೆ ಎಲ್ಲ ಹಕ್ಕು ಒಂದೇ ಕೈಗೆ ಬಂದರೆ ನಾಳೆ ಮುಚ್ಚಲೂಬಹುದು. ಹಾಶಿಕಾರ್ಪ್ ಕಂಪನಿ ಹೊರಗಿನವರಿಂದ ಮೊದಲೇ ಅಂಥ ಕರಾರಿಗೆ ಸಹಿ ಹಾಕಿಸಿಕೊಂಡಿತ್ತು. 2023ರ ಆಗಸ್ಟಿನಲ್ಲಿ, ಸರ್ವರ್ ನಿರ್ವಹಣೆಯ ತನ್ನ ಸಾಫ್ಟ್‌ವೇರ್ ಟೆರಾಫಾರ್ಮ್‌ನ ಲೈಸೆನ್ಸನ್ನು ಬಿಗಿ ಮಾಡಿತು. ಬಳಸುತ್ತಿದ್ದವರು ಓಪನ್‌ಟೋಫು ಎಂದು ಕವಲು ಒಡೆಸಿದರು. ಆಮೇಲೆ ಐಬಿಎಂ ಆ ಕಂಪನಿಯನ್ನು 640 ಕೋಟಿ ಡಾಲರಿಗೆ ಕೊಂಡಿತು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಹಾಗಲ್ಲ. ಬರೆದವರು ಸಾವಿರಾರು ಜನ, ಹಕ್ಕು ಅಷ್ಟೂ ಜನರಲ್ಲಿ ಚದುರಿದೆ. ಯಾರಿಗೂ ಮುಚ್ಚಲು ಆಗುವುದಿಲ್ಲ.

ನಮ್ಮ ಆ್ಯಪಿಗೂ ಹೊರಗಿನ ಸ್ವಯಂಸೇವಕರು ಕೋಡ್ ಕಳಿಸಿದ್ದರು. ಅದು ಜಿಪಿಎಲ್‌ನಲ್ಲೇ ಬಂದದ್ದು, ಹಾಗೇ ಇರಲಿ ಎಂದು ನಾವು ಕೂತೆವು. ಇದಕ್ಕೆ ಅವರು ಒಪ್ಪಲು ಹಲವು ವಾರ ಹಿಡಿಯಿತು. ಕೊನೆಗೆ ಐಪ್ಯಾಡಿಗೆ ಇಸ್ಪೀಕ್ ಬಿಟ್ಟು, ಐಪ್ಯಾಡಿನಲ್ಲೇ ಇರುವ ಧ್ವನಿ ಬಳಸಿ ಬೇರೆಯದೇ ಸಣ್ಣ ಆ್ಯಪ್ ಬರೆಯುವುದು ಎಂದಾಯಿತು. ಮುಂದೆ ಕೋಡ್ ಕಳಿಸುವವರು ಹಕ್ಕು ಬಿಟ್ಟುಕೊಡಬೇಕಿಲ್ಲ. "ಇದು ನಾನೇ ಬರೆದದ್ದು, ಕೊಡುವ ಹಕ್ಕು ನನಗಿದೆ" ಎಂದು ಒಂದು ಸಾಲು ಸೇರಿಸಿದರೆ ಸಾಕು. ಕರ್ನಲ್‌ನವರು 2004ರಿಂದ ಮಾಡುತ್ತಿರುವ ಪದ್ಧತಿ ಇದೇ.

ಸಂಬಳಕ್ಕಿದ್ದ ಹುಡುಗರು ಬರೆದದ್ದಕ್ಕೆ ತೊಂದರೆ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಅದು ಕಂಪನಿಯದೇ. ಇಂಟರ್ನ್ ಆಗಿ ಬಂದವರದು ಹಾಗಲ್ಲ, ಅವರು ನೌಕರರೇ ಎಂಬ ಪ್ರಶ್ನೆ ಬರುತ್ತದೆ. ಹಳೆಯ ಇಂಟರ್ನ್‌ಗಳನ್ನು ಹುಡುಕಿದೆ. ಒಬ್ಬಳು ಜರ್ಮನಿಯಲ್ಲಿ, ಇ-ಮೇಲಿನಲ್ಲೇ ಮುಗಿಯಿತು. ಒಬ್ಬ ಮದ್ದೂರಿನಲ್ಲಿ, ಕೋಡ್ ಬಿಟ್ಟು ಬ್ಯಾಂಕ್ ಕೆಲಸದಲ್ಲಿದ್ದಾನೆ. ಕಾಗದ ಹಿಡಿದು ಅಲ್ಲಿಗೇ ಹೋದೆ. ವಡೆ ಕಾಫಿ ಆಯಿತು. "ಯಾವತ್ತೋ ಬರ್ದಿದ್ದು ಸಾರ್, ಇನ್ನೂ ಓಡ್ತಾ ಐತಾ ಅದು?" ಎಂದ. ಓಡುತ್ತಿದೆ ಎಂದಾಗ ಅವನ ಮುಖ ನೋಡಬೇಕಿತ್ತು. ಓದದೇ ಸಹಿ ಹಾಕಲು ಹೊರಟ. ಓದಿ ಹಾಕು ಮಾರಾಯ ಎಂದೆ.

ಹಕ್ಕು ಬರೆಸಿಕೊಳ್ಳುವ ಕಾಗದದಲ್ಲಿ ನೋಡಬೇಕಾದ್ದು 19ನೇ ಸೆಕ್ಷನ್. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಬೇರೆ ರೀತಿ ಬರೆದಿರದ ಹೊರತು, ಅದು ಬಿದ್ದುಹೋಗುತ್ತದೆ. ಹಾಗಾಗಿ "ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ, ಬಳಸದಿದ್ದರೂ ರದ್ದಾಗದು" ಎಂದು ಮೂರೂ ಇರಬೇಕು.

ಎರಡನೇ ಕೆಂಪು ಗುರುತು ಚಿತ್ರಗಳದು. ನಮ್ಮ ಬೋರ್ಡುಗಳಲ್ಲಿ, ಅಂದರೆ ಮಗು ಮುಟ್ಟುವ ಚಿತ್ರಗಳ ಪರದೆಗಳಲ್ಲಿ, ಹೆಚ್ಚಿನವು ಅರಾಸಾಕ್ ಚಿತ್ರಗಳು. ಸ್ಪೇನ್‌ನ ಅರಾಗೋನ್ ಸರ್ಕಾರದ ಆಸ್ತಿ ಅವು. ಜಗತ್ತಿನ ಎಷ್ಟೋ ಶಾಲೆಗಳಲ್ಲಿ ಬಳಕೆಯಲ್ಲಿವೆ. ಅವುಗಳ ಲೈಸೆನ್ಸ್ ವ್ಯಾಪಾರಕ್ಕೆ ಬಿಡುವುದಿಲ್ಲ. ನಮ್ಮ ಉಚಿತ ಆ್ಯಪಿಗೆ ಸರಿ. ಅವರು ಆ್ಯಪ್ ತುಂಬಿದ ಟ್ಯಾಬ್ ಮಾರಬೇಕೆಂದಿದ್ದರು, ಅದಕ್ಕೆ ಆಗುವುದಿಲ್ಲ. ಕೊನೆಗೆ ಎರಡು ಚಿತ್ರದ ಕಟ್ಟು ಎಂದು ತೀರ್ಮಾನವಾಯಿತು. ಮಾರುವ ಟ್ಯಾಬಿನಲ್ಲಿ ಮಲ್ಬೆರಿ ಚಿತ್ರಗಳು, ಅವಕ್ಕೆ ಆ ಕಟ್ಟಳೆ ಇಲ್ಲ. ಉಚಿತ ಆ್ಯಪಿನಲ್ಲಿ ಅರಾಸಾಕ್ ಮೊದಲಿನಂತೆ. ಚಿತ್ರ ಬದಲಾದರೆ ಮಗುವಿಗೆ ಮಾತೇ ಬದಲಾದಂತೆ, ಹಾಗಾಗಿ ಈಗಿರುವ ಮಕ್ಕಳ ಬೋರ್ಡುಗಳನ್ನು ಮುಟ್ಟಕೂಡದು ಎಂದು ಅತ್ತಿಗೆ ಬರೆಸಿದರು.

ಎರಡರಲ್ಲೂ ಇಲ್ಲದ ಚಿತ್ರಗಳಿವೆ. ಮುದ್ದೆ, ಉಪ್ಸಾರು, ಒಬ್ಬಟ್ಟು, ಚಾಪೆ, ಜಾತ್ರೆಯ ತೇರು. ಇವನ್ನು ಬಿಡಿಸಿದವರು ಇಲ್ಲಿಯ ಒಬ್ಬ ಚಿತ್ರಕಲಾ ಟೀಚರ್, ನಮ್ಮ ನೌಕರರಲ್ಲ. ಹಕ್ಕು ಅವರದೇ. ಅವರು ಕಾಗದವನ್ನು ಎರಡು ಸಲ ಓದಿ ಕೇಳಿದರು. "ಕಂಪನಿಗೆ ಬರೆದುಕೊಟ್ರೆ ನಾಳೆ ಶಾಲೆಯವ್ರು ದುಡ್ಡು ಕೊಡಬೇಕಾಗುತ್ತಾ?" ಇಡೀ ವ್ಯವಹಾರದಲ್ಲಿ ಯಾವ ವಕೀಲರೂ ಕೇಳದ ಪ್ರಶ್ನೆ. ಅವರು ಕಂಪನಿಗೆ ಕೊಡಲಿಲ್ಲ. ಟ್ರಸ್ಟಿಗೆ ಕೊಟ್ಟರು, ಎಲ್ಲರೂ ಬಳಸಬಹುದಾದ ಲೈಸೆನ್ಸಿನಲ್ಲಿ. ಕೊಳ್ಳುವವರೂ ಅದರಿಂದಲೇ ಬಳಸುತ್ತಾರೆ.

ಟ್ರಸ್ಟ್ ಮಾಡುವುದು ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಡೀಡ್ ಬರೆಸುವುದು ಸುಲಭವೇ. ಟ್ರಸ್ಟಿಗಳ ಆಧಾರ್, ಪ್ಯಾನ್, ಫೋಟೋ, ಇಬ್ಬರು ಸಾಕ್ಷಿ, ವಿಳಾಸಕ್ಕೆ ಕರೆಂಟ್ ಬಿಲ್ಲು ಮತ್ತು ಮನೆ ಮಾಲೀಕರ ಒಪ್ಪಿಗೆ ಪತ್ರ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಎಲ್ಲ ಹಾಕಿ, ಸಮಯ ತೆಗೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಎಲ್ಲ ಟ್ರಸ್ಟಿಗಳನ್ನೂ ಒಂದೇ ದಿನ ಸೇರಿಸಿಕೊಂಡು ಹೋದರೆ, ಅವತ್ತೇ ಸರ್ವರ್ ಇಲ್ಲ. ವಯಸ್ಸಾದವರನ್ನು ಮತ್ತೆ ಕರೆತರುವುದು ಕಷ್ಟವಾಯಿತು. ಟ್ರಸ್ಟಿಗಳನ್ನು ಆರಿಸುವಾಗ ಊರಲ್ಲೇ ಇರುವವರನ್ನು ನೋಡಿಕೊಳ್ಳಿ. ನಾನು ಟ್ರಸ್ಟಿ ಆಗಲಿಲ್ಲ. ಕೊಂಡವರ ಸಂಬಳದಲ್ಲಿ ಸ್ವಲ್ಪ ಕಾಲ ಇರಬೇಕಾದವನು ಅವರ ಮೇಲೆ ಕಣ್ಣಿಡುವ ಕಡೆ ಕೂರುವುದು ಸರಿಯಲ್ಲ. ಅತ್ತಿಗೆ, ಒಬ್ಬ ತಂದೆ, ವಿಶೇಷ ಶಾಲೆಯ ಟೀಚರ್, ನಿವೃತ್ತ ಲೆಕ್ಚರರ್ ಇದ್ದಾರೆ.

ಅನಿರೀಕ್ಷಿತ ಅಡ್ಡಿ ಬಂದದ್ದು ಹೆಸರನ್ನು ಟ್ರಸ್ಟಿಗೆ ಕೊಡುವಾಗ. ವ್ಯಾಪಾರ ಕಂಪನಿಯಲ್ಲೇ ಉಳಿದು ಟ್ರೇಡ್‌ಮಾರ್ಕ್ ಮಾತ್ರ ಬೇರೆಯವರಿಗೆ ಹೋದರೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 42ನೇ ಸೆಕ್ಷನ್ ಅಡ್ಡ ಬರುತ್ತದೆ. ಪಡೆದವರು ಆರು ತಿಂಗಳೊಳಗೆ ರಿಜಿಸ್ಟ್ರಾರ್‌ಗೆ ಅರ್ಜಿ ಹಾಕಿ, ಅವರು ಹೇಳಿದಂತೆ ಜಾಹೀರಾತು ಕೊಡಬೇಕು. ಇಲ್ಲದಿದ್ದರೆ ಆ ವರ್ಗಾವಣೆಯೇ ಊರ್ಜಿತವಲ್ಲ. ನಮ್ಮ ವಕೀಲರು ಇದನ್ನು ಹೇಳಿದಾಗ ಕೊಳ್ಳುವವರ ಕಡೆಯವರೂ ಪುಸ್ತಕ ತೆಗೆದು ನೋಡಿದರು. ನಮ್ಮ ಹೆಸರು ಟ್ರೇಡ್‌ಮಾರ್ಕಿನ 9 ಮತ್ತು 42 ಎಂಬ ಎರಡು ವರ್ಗಗಳಲ್ಲಿ ಇತ್ತು. ಎರಡಕ್ಕೂ ಬೇರೆ ಬೇರೆ ಕಾಗದ. ಟ್ರಸ್ಟ್ ಮತ್ತೆ ಕಂಪನಿಗೆ ಹೆಸರು ಬಳಸಲು ಅನುಮತಿ ಕೊಟ್ಟಿದೆ. ಕೋಡ್ ಬಿಡುಗಡೆ ನಿಂತರೆ ಅನುಮತಿ ರದ್ದು. ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಹೆಸರನ್ನು ಆಟೊಮ್ಯಾಟಿಕ್ ಕಂಪನಿ 2010ರಲ್ಲಿ ಫೌಂಡೇಶನ್‌ಗೆ ಕೊಟ್ಟದ್ದು ನೋಡಿ ನಮಗೆ ಈ ಯೋಚನೆ ಬಂದದ್ದು.

ಕ್ಯೂಟಿ ಮಾದರಿಯ ಸಾಲಿಗೆ ಚೌಕಾಸಿ ಜೋರಾಗಿಯೇ ಆಯಿತು. ನಾವು 12 ತಿಂಗಳು ಎಂದೆವು, ಅವರು 24 ಎಂದರು. 18ಕ್ಕೆ ನಿಂತಿತು. ಅಷ್ಟು ಕಾಲ ಹೊಸ ಆವೃತ್ತಿಯ ಕೋಡ್ ಹೊರಬರದಿದ್ದರೆ ಕಂಪನಿ ಒಳಗೆ ಬರೆದ ಭಾಗವೂ ಟ್ರಸ್ಟಿನ ಕೈಗೆ ಅಪಾಚೆ ಎಂಬ ಸಡಿಲ ಲೈಸೆನ್ಸಿನಲ್ಲಿ ಬರುತ್ತದೆ.

ಪೈಪೋಟಿ ಮಾಡಬಾರದು ಎಂಬ ಷರತ್ತನ್ನು ಓದುವಾಗ ನಿದ್ದೆ ಬರುತ್ತದೆ, ಆದರೂ ಓದಿ. ನೌಕರಿ ಬಿಟ್ಟವರ ಮೇಲೆ ಇಂಥ ಷರತ್ತು ನಮ್ಮ ದೇಶದಲ್ಲಿ ನಿಲ್ಲುವುದಿಲ್ಲ ಎಂದು ಕೇಳಿರುತ್ತೀರಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್. ಅದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ವ್ಯಾಪಾರದ ಗುಡ್‌ವಿಲ್ (ಗಳಿಸಿದ ಹೆಸರು, ಗಿರಾಕಿಗಳ ವಿಶ್ವಾಸ) ಮಾರಿದವರ ಮೇಲೆ ಮಿತಿಯಲ್ಲಿ ಹಾಕಿದ ಷರತ್ತು ನಿಲ್ಲುತ್ತದೆ. ಅವರ ಕರಡಿನಲ್ಲಿ "ಇದೇ ಬಗೆಯ ಯಾವ ಸಾಫ್ಟ್‌ವೇರಿಗೂ ಕೆಲಸ ಮಾಡಬಾರದು" ಎಂದಿತ್ತು. ಹಾಗಾದರೆ ನಮ್ಮದೇ ಓಪನ್ ಸೋರ್ಸ್ ಕೋಡಿಗೆ ನಾನು ಒಂದು ಸಾಲು ತಿದ್ದುಪಡಿ ಕಳಿಸುವಂತಿಲ್ಲ. "ಟ್ರಸ್ಟಿನ ಮತ್ತು ಇತರ ಮುಕ್ತ ಯೋಜನೆಗಳಿಗೆ ಸಂಬಳವಿಲ್ಲದೆ ಮಾಡುವ ಕೆಲಸ ಇದರಲ್ಲಿ ಸೇರಿಲ್ಲ" ಎಂಬ ಸಾಲು ಸೇರಿದ ಮೇಲೆಯೇ ಮುಂದಕ್ಕೆ ಹೋದೆವು.

ಡೇಟಾ ವಿಷಯ ಬೇಗ ಮುಗಿಯಿತು. ಮಕ್ಕಳು ಯಾವ ಚಿತ್ರ ಎಷ್ಟು ಸಲ ಮುಟ್ಟಿದರು ಎಂಬ ದಾಖಲೆ ಎಐಗೆ ಉಪಯೋಗವಾಗುತ್ತದೆ ಎಂದು ಅವರ ತಾಂತ್ರಿಕ ಮುಖ್ಯಸ್ಥರು ಕೇಳಿದರು. 2023ರ ಡೇಟಾ ರಕ್ಷಣಾ ಕಾಯ್ದೆಯಲ್ಲಿ ಮಕ್ಕಳೆಂದರೆ 18 ತುಂಬದವರು. ಹೆತ್ತವರ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಬೆನ್ನುಹತ್ತುವಂತಿಲ್ಲ, ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು. ಅವರ ವಕೀಲರೇ ಬೇಡ ಎಂದರು.

ದುಡ್ಡಿನ ವಿಷಯ. ಮಾರಿದ ಮೊತ್ತ ಹೇಳುವಂತಿಲ್ಲ, ಒಪ್ಪಂದದಲ್ಲೇ ಇದೆ. ಖರ್ಚು ಹೇಳಬಹುದು. ವಕೀಲರಿಗೆ ₹4 ಲಕ್ಷದ ಹತ್ತಿರ. ಸಿಎ, ಕಂಪನಿ ಸೆಕ್ರೆಟರಿ, ಬೆಲೆ ಕಟ್ಟುವ ವರದಿ ಸೇರಿ ಒಂದೂವರೆ ಲಕ್ಷ. ಟ್ರಸ್ಟು, ಟ್ರೇಡ್‌ಮಾರ್ಕ್, ಜಾಹೀರಾತಿಗೆ ಇನ್ನೊಂದು ಲಕ್ಷ. ಶೇರು ವರ್ಗಾವಣೆಯ ಸ್ಟಾಂಪ್ ಡ್ಯೂಟಿ ಹೆದರುವಂಥದ್ದಲ್ಲ, ಶೇಕಡಾ 0.015. ಅಂದರೆ ಕೋಟಿಗೆ ₹1,500. ಲಿಸ್ಟ್ ಆಗದ ಶೇರುಗಳನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ಲಾಭಕ್ಕೆ ಶೇಕಡಾ 12.5 ತೆರಿಗೆ, ಮೇಲೆ ಸೆಸ್. ಒಂದು ಎಚ್ಚರಿಕೆ: "ಎರಡು ವರ್ಷ ಕೆಲಸದಲ್ಲಿದ್ದರೆ ಮಾತ್ರ ಈ ಭಾಗ ಕೊಡುತ್ತೇವೆ" ಎಂದು ಬರೆದರೆ ಆ ಹಣವನ್ನು ಸಂಬಳ ಎಂದು ಲೆಕ್ಕ ಹಾಕುವ ಸಾಧ್ಯತೆ ಇದೆ. ಆಗ ತೆರಿಗೆ ಶೇಕಡಾ 30ರ ಹತ್ತಿರ ಹೋಗುತ್ತದೆ. ಶೇರಿನ ಬೆಲೆ ಬೇರೆ, ಕೆಲಸದ ಹಣ ಬೇರೆ ಎಂದು ಎರಡು ಕಾಗದ ಮಾಡಿಸಿ.

ನಾವು ಕಾದದ್ದು ಇನ್ನೊಂದಕ್ಕೆ, ಡಿಮ್ಯಾಟ್, ಅಂದರೆ ಕಾಗದದ ಶೇರನ್ನು ಎಲೆಕ್ಟ್ರಾನಿಕ್ ಖಾತೆಗೆ ಹಾಕುವುದು. ಸಣ್ಣ ಕಂಪನಿಗೆ ಶೇರು ಡಿಮ್ಯಾಟ್ ಮಾಡಿಸುವ ಕಡ್ಡಾಯವಿಲ್ಲ, ಶೇರು ವರ್ಗಾವಣೆಯ ಎಸ್‌ಎಚ್-4 ಫಾರಂ ಕಾಗದದಲ್ಲಿ ತುಂಬಿದರೆ ಸಾಕು ಎಂದುಕೊಂಡಿದ್ದೆವು. ಆದರೆ ಬೇರೆ ಕಂಪನಿಯ ಅಂಗಸಂಸ್ಥೆ ಆದ ಕೂಡಲೇ ಕಾನೂನಿನ ಪ್ರಕಾರ ನಾವು ಸಣ್ಣ ಕಂಪನಿ ಅಲ್ಲ. ಅದಕ್ಕೇ ಮೊದಲೇ ಮಾಡಿಸಿ ಎಂದರು. ಶೇರಿಗೆ ಕೊಡುವ ಗುರುತಿನ ಸಂಖ್ಯೆ ಐಎಸ್‌ಐಎನ್ ಬರುವವರೆಗೆ ಎಲ್ಲ ನಿಂತಿತು. ಇದನ್ನು ಟರ್ಮ್ ಶೀಟ್ ದಿನವೇ ಶುರು ಮಾಡಿ.

ಇಷ್ಟರ ನಡುವೆ ಹೆತ್ತವರಿಗೆ ಏನೂ ಹೇಳುವಂತಿರಲಿಲ್ಲ. ಗುಟ್ಟಿನ ಕರಾರು. ಶನಿವಾರದ ಥೆರಪಿಗೆ ಬಂದವರ ಮುಖ ನೋಡುವುದೇ ಹಿಂಸೆಯಾಗಿತ್ತು. ಸಹಿ ಆದ ಮೇಲೆ ಎಲ್ಲರನ್ನೂ ಕರೆದು ಹೇಳಿದೆವು. ಪಾಂಡವಪುರದಿಂದ ಬರುವ ಒಬ್ಬ ತಾಯಿ ಎದ್ದು ಕೇಳಿದರು. "ಆ್ಯಪ್ ನಿಂತೋಯ್ತದಾ ಸಾರ್? ನಮ್ಮ ಮಗೀನ ಮಾತೆಲ್ಲ ಅದ್ರಾಗೇ ಐತೆ." ಅವರಿಗೆ ಜಿಪಿಎಲ್ ಬಗ್ಗೆ ಹೇಳಿ ಪ್ರಯೋಜನವಿಲ್ಲ. ಟ್ಯಾಬ್ ತೆಗೆದುಕೊಂಡು, ಅವರ ಮಗುವಿನ ಬೋರ್ಡನ್ನು ಓಪನ್ ಬೋರ್ಡ್ ಫಾರ್ಮ್ಯಾಟಿನ ಒಂದು ಫೈಲಾಗಿ ಇಳಿಸಿ ಅವರ ಫೋನಿಗೆ ಹಾಕಿಕೊಟ್ಟೆ. ಈ ಫೈಲನ್ನು ಸಿಬೋರ್ಡ್‌ನಂಥ ಬೇರೆ ಆ್ಯಪಿನಲ್ಲೂ ತೆರೆಯಬಹುದು ಎಂದು ಅಲ್ಲೇ ತೆರೆದು ತೋರಿಸಿದೆ. ಆ ಮೇಲೆ ಅವರು ಕೂತರು. ಈ ಇಳಿಸುವ ಸೌಲಭ್ಯವನ್ನು ತೆಗೆಯಬಾರದು, ಸೇವೆ ನಿಲ್ಲಿಸುವುದಾದರೆ ಆರು ತಿಂಗಳ ಮುಂಚೆ ಹೇಳಬೇಕು ಎಂಬುದೂ ಒಪ್ಪಂದದಲ್ಲಿದೆ.

ಈಗ ಎಲ್ಲಿಗೆ ಬಂದಿದೆ ಎಂದರೆ, ಶೇರು ಹೋಗಿದೆ. ಡೈರೆಕ್ಟರ್ ಸ್ಥಾನ ಬಿಟ್ಟದ್ದಕ್ಕೆ 30 ದಿನದೊಳಗೆ ಹಾಕಬೇಕಾದ ಡಿಐಆರ್-12 ಹಾಕಿಯಾಗಿದೆ. ಹುಡುಗರೆಲ್ಲ ಅದೇ ಮೇಜಿನಲ್ಲಿದ್ದಾರೆ. ಶೇರು ಮಾರಾಟವಾದರೆ ಕಂಪನಿ ಅದೇ ಇರುವುದರಿಂದ ಅವರಿಗೆ ಹೊಸ ನೇಮಕದ ಪತ್ರವೂ ಬೇಕಾಗಲಿಲ್ಲ. ಪ್ಲೇ ಸ್ಟೋರಿನ ಖಾತೆಯೂ ಕಂಪನಿಯ ಜೊತೆಗೇ ಹೋಯಿತು. ಟ್ರಸ್ಟ್ ತನ್ನ ಕಡೆಯಿಂದ ಎಫ್-ಡ್ರಾಯ್ಡ್ ಎಂಬ ಓಪನ್ ಸೋರ್ಸ್ ಆ್ಯಪ್‌ಗಳ ಅಂಗಡಿಯಲ್ಲಿ ಬಿಡಲು ತಯಾರಿ ನಡೆಸಿದೆ, ಅಲ್ಲಿ ಕೋಡಿನಿಂದ ಅವರೇ ಕಟ್ಟಿ ಕೊಡುತ್ತಾರೆ. ಟ್ರೇಡ್‌ಮಾರ್ಕಿನ ಜಾಹೀರಾತು ಪತ್ರಿಕೆಯಲ್ಲಿ ಬಂದಿದೆ, ರಿಜಿಸ್ಟ್ರಿಯಲ್ಲಿ ಹೆಸರು ಇನ್ನೂ ಬದಲಾಗಿಲ್ಲ. ಅದು ಆಗುವವರೆಗೆ ಕೊನೆಯ ಕಂತು ಎಸ್ಕ್ರೋದಲ್ಲೇ, ಅಂದರೆ ಮಧ್ಯಸ್ಥರ ಖಾತೆಯಲ್ಲೇ, ಇರುತ್ತದೆ. ಅರ್ಜಿ ನಂಬರ್ ಅತ್ತಿಗೆಯ ಫೋನಿನಲ್ಲಿದೆ, ಸೋಮವಾರ ಬಂತೆಂದರೆ ಸ್ಟೇಟಸ್ ನೋಡಿ ನನಗೊಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ.